ಕಂಟ್ರೋಲರ್ ಹಚ್ಚಿದರೂ ಗೇಮ್ ಯಾಕೆ ಕೇಳವಲ್ದು?

"ಅಣ್ಣಾರ, ಕಂಟ್ರೋಲರ್ ಹಚ್ಚಿದ್ರ ಟಿಂಗ್ ಅಂತ ಸಪ್ಪಳ ಬರ್ತೈತಿ, ಗೇಮ್‌ನ್ಯಾಗ ಮಾತ್ರ ಏನೂ ಆಗವಲ್ದು. ಕೆಟ್ಟೈತೇನ್ರಿ?"

ಬಾಗಲಕೋಟೆಯಲ್ಲಿ ನನ್ನ ಹತ್ತಿರ ಕಂಪ್ಯೂಟರ್ ತೋರಿಸಲು ಬರುವ ಹುಡುಗರು, ಅದರಲ್ಲೂ ವಿದ್ಯಾಗಿರಿಯ ಹಾಸ್ಟೆಲಿನವರು, ಕೇಳುವುದು ಇದನ್ನೇ. ಬಹಳ ಸಲ ಕೆಟ್ಟಿರುವುದಿಲ್ಲ. ಹೊಸದು ಕೊಳ್ಳುವ ಅವಸರ ಬೇಡ. ಸಿಕ್ಕಸಿಕ್ಕ ಕಡೆಯಿಂದ ಡ್ರೈವರ್ (ಉಪಕರಣವನ್ನು ನಡೆಸುವ ತಂತ್ರಾಂಶ) ಇಳಿಸಿಕೊಳ್ಳುವುದಂತೂ ಬೇಡವೇ ಬೇಡ.

ಮೊದಲು ವಿಂಡೋಸ್‌ಗೆ ಏನು ಕಾಣುತ್ತಿದೆ ನೋಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬಂದ ಡಬ್ಬಿಯಲ್ಲಿ ಜೆ-ಒ-ವೈ, ಚುಕ್ಕೆ, ಸಿ-ಪಿ-ಎಲ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದು ಎಂಟರ್ ಕೊಡಿ. ಕಂಟ್ರೋಲರಿನ ಹೆಸರು ಬರುತ್ತದೆ. ಪ್ರಾಪರ್ಟೀಸ್ ತೆರೆದು ಸ್ಟಿಕ್ ಅಲ್ಲಾಡಿಸಿದರೆ ಚೌಕದೊಳಗಿನ ಪ್ಲಸ್ ಗುರುತು ಓಡಾಡಬೇಕು, ಬಟನ್ ಒತ್ತಿದರೆ ಅದರ ನಂಬರಿನ ಕೆಂಪು ದೀಪ ಹತ್ತಬೇಕು. ಎಕ್ಸ್‌ಬಾಕ್ಸ್ ಪ್ಯಾಡ್ (ಮೈಕ್ರೋಸಾಫ್ಟ್‌ನ ಕಂಟ್ರೋಲರ್) ಆದರೆ ಇಲ್ಲಿ ಎಲ್‌ಟಿ, ಆರ್‌ಟಿ ಎಂಬ ಎಡ, ಬಲ ಟ್ರಿಗರ್‌ಗಳೆರಡೂ ಒಂದೇ ಪಟ್ಟಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಎಳೆಯುತ್ತವೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಪಟ್ಟಿ ನಡುವೆಯೇ ನಿಲ್ಲುತ್ತದೆ. ಟ್ರಿಗರ್ ಹೋಯಿತು ಎಂದು ಗಾಬರಿಯಾಗಬೇಡಿ, ಆ ಹಳೆಯ ಕಿಟಕಿ ತೋರಿಸುವ ರೀತಿಯೇ ಹಾಗೆ. ಗೇಮಿಗೆ ಅವು ಬೇರೆಬೇರೆಯಾಗಿಯೇ ಸಿಗುತ್ತವೆ.

ಸಪ್ಪಳವೂ ಇಲ್ಲ, ಹೆಸರೂ ಇಲ್ಲ, ಪ್ಯಾಡಿನ ದೀಪ ಮಾತ್ರ ಉರಿಯುತ್ತಿದೆ ಎಂದರೆ ಕೇಬಲ್ ಬದಲಿಸಿ. ಚಾರ್ಜಿಂಗಿಗೆಂದೇ ಮಾಡಿದ ಕೆಲವು ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ.

ಹೆಸರು ಬಂದು, ದೀಪ ಹತ್ತಿ, ಗೇಮ್ ಮಾತ್ರ ಸುಮ್ಮನಿದ್ದರೆ ಅಸಲಿ ವಿಷಯ ಬೇರೆ. ಕಂಟ್ರೋಲರ್ ವಿಂಡೋಸ್‌ನಲ್ಲಿ ಗೇಮನ್ನು ತಲುಪಲು ಮುಖ್ಯವಾಗಿ ಎರಡು ದಾರಿಗಳಿವೆ. ಹಳೆಯದು ಡೈರೆಕ್ಟ್‌ಇನ್‌ಪುಟ್. ಅದರಲ್ಲಿ ಬಟನ್‌ಗಳಿಗೆ ಬರೀ ನಂಬರು. ಒಂದನೇ ನಂಬರು ಒಂದು ಪ್ಯಾಡಿನಲ್ಲಿ ಎ ಆದರೆ ಇನ್ನೊಂದರಲ್ಲಿ ಎಕ್ಸ್. ಯಾವುದು ಏನೆಂದು ಗೇಮಿಗೆ ತಿಳಿಯುವುದಿಲ್ಲ. 2005ರಲ್ಲಿ ಎಕ್ಸ್‌ಬಾಕ್ಸ್ 360 ಬಂದ ಹೊತ್ತಿಗೆ ಮೈಕ್ರೋಸಾಫ್ಟ್ ಎಕ್ಸ್‌ಇನ್‌ಪುಟ್ ತಂದಿತು. ಅದರಲ್ಲಿ ಎ, ಬಿ, ಎಕ್ಸ್, ವೈ, ಎರಡು ಸ್ಟಿಕ್, ಎರಡು ಟ್ರಿಗರ್ ಎಲ್ಲದರ ಜಾಗವೂ ಖಾಯಂ. ಈಗಿನ ಎಷ್ಟೋ ಗೇಮ್‌ಗಳು ಇದನ್ನೇ ನಂಬಿಕೊಂಡಿವೆ.

ಅಗ್ಗದ ಪ್ಯಾಡ್‌ಗಳಲ್ಲಿ ಹೆಚ್ಚಿನವು ಎರಡನ್ನೂ ಬಲ್ಲವು. ಮೋಡ್ ಅಥವಾ ಹೋಮ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ದಾರಿ ಬದಲಾಗಿ, ದೀಪವೂ ಬದಲಾಗುತ್ತದೆ. ಯಾವ ಬಟನ್ ಎಂಬುದು ಪ್ಯಾಡಿನ ಜೊತೆ ಬಂದ ಚೀಟಿಯಲ್ಲಿ ಇರುತ್ತದೆ, ದಯವಿಟ್ಟು ಅದನ್ನು ಎಸೆಯಬೇಡಿ. ಮತ್ತೆ ಆ ಕಿಟಕಿ ತೆರೆದು ನೋಡಿ: ಹೆಸರಿನ ಜಾಗದಲ್ಲಿ ಎಕ್ಸ್‌ಬಾಕ್ಸ್ 360 ಎಂದು ಬಂದಿದ್ದರೆ ಕೆಲಸ ಆಯಿತು. ಪ್ಯಾಡ್ ತನ್ನನ್ನು ಎಕ್ಸ್‌ಬಾಕ್ಸಿನದೆಂದು ಹೇಳಿಕೊಂಡಿದೆ. ಗೇಮನ್ನು ಒಮ್ಮೆ ಮುಚ್ಚಿ ತೆರೆಯಿರಿ.

ಪ್ಲೇಸ್ಟೇಷನ್ ಪ್ಯಾಡ್ ಇದ್ದವರಿಗೆ ಗೇಮ್ ಕೊಂಡು ಆಡುವ ಸ್ಟೀಮ್ ತಂತ್ರಾಂಶ ಸಾಕು, ಅದೇ ಆ ಪ್ಯಾಡನ್ನು ಗೇಮಿಗೆ ಎಕ್ಸ್‌ಬಾಕ್ಸಿನದೆಂದು ತೋರಿಸುತ್ತದೆ. ಅದರ ಸೆಟಿಂಗ್ಸ್‌ನ ಕಂಟ್ರೋಲರ್ ವಿಭಾಗದಲ್ಲಿ ಪ್ಲೇಸ್ಟೇಷನ್ ಸಪೋರ್ಟ್ ಆನ್ ಮಾಡಿ. ಬೇರೆ ಕಡೆ ಕೊಂಡ ಗೇಮನ್ನೂ ಸ್ಟೀಮ್ ಲೈಬ್ರರಿಗೆ ಸೇರಿಸಿ ಅಲ್ಲಿಂದಲೇ ಶುರುಮಾಡಬಹುದು. ಡಿಎಸ್4ವಿಂಡೋಸ್ ಎಂಬ ತಂತ್ರಾಂಶವೂ ಇದೇ ಕೆಲಸ ಮಾಡುತ್ತದೆ, ಆದರೆ ಎರಡನ್ನೂ ಒಟ್ಟಿಗೆ ನಡೆಸಿದರೆ ಒಂದೇ ಒತ್ತು ಎರಡು ಸಲ ಬಿದ್ದು ಮೆನುವಿನಲ್ಲಿ ಎರಡೆರಡು ಸಾಲು ಹಾರುತ್ತದೆ. ಯಾವುದಾದರೂ ಒಂದನ್ನೇ ಇಟ್ಟುಕೊಳ್ಳಿ.

ಕೈ ಬಿಟ್ಟಾಗಲೂ ಆಟಗಾರ ತಾನೇ ನಡೆಯುತ್ತಿದ್ದರೆ ಅದು ಸ್ಟಿಕ್ಕಿನ ಸವೆತ. ಗೇಮಿನ ಸೆಟಿಂಗ್ಸ್‌ನಲ್ಲಿ ಡೆಡ್‌ಝೋನ್ (ಸ್ಟಿಕ್ ಇಷ್ಟು ಅಲ್ಲಾಡಿದರೂ ಗೇಮ್ ಲೆಕ್ಕಕ್ಕೆ ಹಿಡಿಯಬಾರದು ಎಂಬ ಮಿತಿ) ಸ್ವಲ್ಪ ಏರಿಸಿ, ಸಾಕಷ್ಟು ದಿನ ನಡೆಯುತ್ತದೆ. ಅದೂ ಸಾಲದೆ ಹೊಸದು ಕೊಳ್ಳುವ ಕಾಲ ಬಂದರೆ, ಸ್ಟಿಕ್ಕಿಗೆ ಹಾಲ್ ಎಫೆಕ್ಟ್ ಸೆನ್ಸರ್ ಇರುವುದನ್ನು ಕೇಳಿ ಕೊಳ್ಳಿ. ಅದು ಆಯಸ್ಕಾಂತದಿಂದ ಚಲನೆ ಅಳೆಯುವುದರಿಂದ ಒಳಗೆ ಉಜ್ಜಿ ಸವೆಯುವ ಪಟ್ಟಿಯೇ ಇರುವುದಿಲ್ಲ.