ಬಾಡಿಗೆ ಮನೆ ಟೆರೇಸಿಂದ ಸ್ಯಾಟಲೈಟ್ ಕಾಂಟ್ಯಾಕ್ಟ್ ಆಗುತ್ತಾ? ಆಗುತ್ತೆ, ಕೈ ಆಂಟೆನಾ ಸಾಕು

ಹ್ಯಾಮ್ ರೇಡಿಯೋ, ಅಂದ್ರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋದು, ಅದಕ್ಕೆ ಲೈಸೆನ್ಸ್ ಹೊಸದಾಗಿ ತಗೊಂಡವರು ನನ್ನ ಹತ್ರ ಯಾವಾಗ್ಲೂ ಕೇಳೋದು ಒಂದೇ ಪ್ರಶ್ನೆ. 2025ರ ಜುಲೈನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳ ಜೊತೆ ಹ್ಯಾಮ್ ರೇಡಿಯೋದಲ್ಲೇ ಮಾತಾಡಿದ್ರಲ್ಲ, ಅದಾದ್ಮೇಲೆ ಇನ್ನೂ ಜಾಸ್ತಿ ಜನ ಕೇಳ್ತಿದ್ದಾರೆ: "ಸ್ಯಾಟಲೈಟ್ ಮೂಲಕ ಮಾತಾಡ್ಬೇಕು ಅಂದ್ರೆ ಮನೆ ಮೇಲೆ ಕಂಬ ನೆಟ್ಟು, ಮೋಟಾರಲ್ಲಿ ತಿರುಗೋ ದೊಡ್ಡ ಆಂಟೆನಾ ಹಾಕ್ಬೇಕಲ್ವಾ? ನಮ್ದು ಬಾಡಿಗೆ ಮನೆ, ಓನರ್ ಒಪ್ಪಲ್ಲ."

ಬೇಡ. ಕೈಯಲ್ಲಿ ಹಿಡ್ಕೊಳ್ಳೋ ಒಂದು ಯಾಗಿ (ದಂಡಕ್ಕೆ ಅಡ್ಡ ಕಡ್ಡಿ ಜೋಡಿಸಿದ, ಒಂದೇ ದಿಕ್ಕಿಗೆ ಗುರಿ ಇಡೋ ಆಂಟೆನಾ), ಐದು ವಾಟಿನ ಹ್ಯಾಂಡಿ (ಕೈ ರೇಡಿಯೋ), ಮೇಲೆ ಆಕಾಶ ಕಾಣೋ ಜಾಗ, ಇಷ್ಟಿದ್ರೆ ಆಯ್ತು. ಯಾಕೆ ಸಾಕು ಅಂತ ಅರ್ಥ ಆದ್ರೆ ಅರ್ಧ ಕೆಲಸ ಮುಗಿದ ಹಾಗೆ.

ಬಾಹ್ಯಾಕಾಶ ನಿಲ್ದಾಣದಲ್ಲೂ ಹ್ಯಾಮ್ ರಿಪೀಟರ್ ಇದೆ, ಅಂದ್ರೆ ನಾವು ಕಳಿಸಿದ್ದನ್ನ ಹಿಡಿದು ಮತ್ತೆ ಕೆಳಗೆ ಕಳಿಸೋ ರೇಡಿಯೋ. ಆ ನಿಲ್ದಾಣ ನಮ್ಮ ನೆತ್ತಿ ಮೇಲೆ ಬಂದಾಗ ಇರೋ ದೂರ ಸುಮಾರು 400 ಕಿಲೋಮೀಟರ್, ಅಂದ್ರೆ ಬೆಂಗಳೂರಿಂದ ಬೆಳಗಾವಿಗೆ ಹೋಗೋದಕ್ಕಿಂತ ಕಮ್ಮಿ. ಅದೇ ಹ್ಯಾಂಡಿ ಊರೊಳಗೆ ನಾಲ್ಕೈದು ಕಿಲೋಮೀಟರಿಗೇ ಸುಸ್ತಾಗುತ್ತೆ, ಯಾಕಂದ್ರೆ ಮಧ್ಯ ಬಿಲ್ಡಿಂಗು, ಮರ, ಗುಡ್ಡ. ಮೇಲಕ್ಕೆ ನೋಡಿದ್ರೆ ಅಡ್ಡ ಬರೋಕೆ ಏನೂ ಇಲ್ಲ. ದಿಗಂತದಲ್ಲಿ ಇರುವಾಗ ದೂರ 2000 ಕಿಲೋಮೀಟರ್ ದಾಟುತ್ತೆ ನಿಜ, ಆಗ ಯಾಗಿಯ ಗೇನ್ (ಒಂದೇ ದಿಕ್ಕಿನ ಸಿಗ್ನಲ್ ಹೆಚ್ಚಿಸೋ ಗುಣ) ಬೇಕೇ ಬೇಕು.

ಇಲ್ಲಿ ನಾನು ಸ್ವಲ್ಪ ಒತ್ತಿ ಹೇಳೋದು ಏನಂದ್ರೆ, ಈ ಆಂಟೆನಾ ಬೇಕಿರೋದು ಕಳಿಸೋಕಲ್ಲ, ಕೇಳೋಕೆ. ಹ್ಯಾಂಡಿ ಜೊತೆ ಬರೋ ರಬ್ಬರ್ ಆಂಟೆನಾದಲ್ಲೂ ನಿಮ್ಮ ಸಿಗ್ನಲ್ ಒಂದೊಂದ್ಸಲ ಮೇಲೆ ಮುಟ್ಟಿಬಿಡುತ್ತೆ, ಆದ್ರೆ ಕೆಳಗೆ ಬರ್ತಿರೋದು ನಿಮಗೆ ಕೇಳಿಸಲ್ಲ. ಎಫ್‌ಎಂ ಸ್ಯಾಟಲೈಟಲ್ಲಿ (ನಿಲ್ದಾಣದ ರಿಪೀಟರೂ ಇದೇ ಥರ) ಇರೋದು ಒಂದೇ ಚಾನೆಲ್, ಇಡೀ ದೇಶದ ಜನ ಅದೊಂದರಲ್ಲೇ ಸಾಲಲ್ಲಿ ಮಾತಾಡ್ಬೇಕು. ಕೇಳಿಸದೇ ಪಿಟಿಟಿ (ಮಾತಾಡೋಕೆ ಒತ್ತೋ ಬಟನ್) ಒತ್ತಿ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗೋ ಗುರುತಿನ ಹೆಸರು) ಹೇಳ್ತಾ ಹೋದ್ರೆ ನಡೀತಿರೋ ಇನ್ಯಾರದೋ ಕಾಂಟ್ಯಾಕ್ಟ್ ಮೇಲೆ ಕೂತ ಹಾಗಾಗುತ್ತೆ. ಅದಕ್ಕೇ ಮೊದಲು ಕಿವಿಗೆ ಖರ್ಚು ಮಾಡಿ, ಆಮೇಲೆ ಬಾಯಿಗೆ.

ಆಂಟೆನಾ ವಿಷಯಕ್ಕೆ ಬರೋಣ. ರೆಡಿಮೇಡ್ ಬೇಕು ಅಂದ್ರೆ ಆ್ಯರೋ ಅನ್ನೋದು ಪ್ರಪಂಚದ ತುಂಬ ಫೇಮಸ್, ಒಂದೇ ಬೂಮಲ್ಲಿ (ನಡುವಿನ ದಂಡ) 2 ಮೀಟರ್ ಬ್ಯಾಂಡಿಗೆ (145 ಮೆಗಾಹರ್ಟ್ಸ್ ಆಸುಪಾಸು) ಮೂರು ಎಲಿಮೆಂಟು (ಅಡ್ಡ ಕಡ್ಡಿ), 70 ಸೆಂಟಿಮೀಟರ್ ಬ್ಯಾಂಡಿಗೆ (435 ಮೆಗಾಹರ್ಟ್ಸ್ ಆಸುಪಾಸು) ಏಳು, ಒಂದಕ್ಕೊಂದು ಅಡ್ಡಡ್ಡ. ಎಲ್ಕ್ ಅನ್ನೋದು ಲಾಗ್ ಪೀರಿಯಾಡಿಕ್ ಅನ್ನೋ ಇನ್ನೊಂದು ಥರದ ಆಂಟೆನಾ, ಎರಡೂ ಬ್ಯಾಂಡಿಗೆ ಒಂದೇ ಕೇಬಲ್. ಎರಡೂ ಒಳ್ಳೇವೇ, ಆದ್ರೆ ಹೊರದೇಶದಿಂದ ತರಿಸಿ ಕಸ್ಟಮ್ಸ್ ಕಟ್ಟೋ ಬದಲು ಮನೇಲೇ ಮಾಡ್ಕೊಳ್ಳಿ ಅಂತ ನಾನು ಹೇಳೋದು. ಬೂಮಿಗೆ ಒಂದು ಮರದ ಪಟ್ಟಿ ಅಥವಾ ವೈರಿಂಗಿಗೆ ಹಾಕೋ ಪಿವಿಸಿ ಪೈಪು, 70 ಸೆಂಟಿಮೀಟರ್ ಎಲಿಮೆಂಟಿಗೆ ಅಲ್ಯೂಮಿನಿಯಂ ಕಡ್ಡಿ, ಅದು ಒಂದಡಿಗಿಂತ ಸ್ವಲ್ಪ ಉದ್ದ ಅಷ್ಟೇ. 2 ಮೀಟರಿನ ಎಲಿಮೆಂಟು ಹತ್ತಿರ ಹತ್ತಿರ ಒಂದು ಮೀಟರ್ ಬರುತ್ತೆ, ಅದಕ್ಕೆ ಕಾರ್ಪೆಂಟರ್ ಹತ್ರ ಇರುತ್ತಲ್ಲ ಸ್ಟೀಲ್ ಅಳತೆ ಟೇಪು, ಅದನ್ನೇ ಕತ್ತರಿಸಿ ಹಾಕಿದ್ರೆ ಬಸ್ಸಲ್ಲಿ ಹೋಗುವಾಗ ಬಗ್ಗಿಸಿ ಮಡಚಿಬಿಡಬಹುದು. ತುದಿ ಚೂಪಾಗಿರುತ್ತೆ, ಇನ್ಸುಲೇಶನ್ ಟೇಪ್ ಸುತ್ತಿ. ಕನೆಕ್ಟರು, ಕೇಬಲ್ಲು ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸಿಗುತ್ತೆ.

ಕೇಬಲ್ ಅಂದಾಗ ನೆನಪಾಯ್ತು, ಕೈ ಆಂಟೆನಾದ ದೊಡ್ಡ ಲಾಭ ಇಲ್ಲೇ ಇರೋದು. ಕಂಬದ ಮೇಲಿಂದ ರೂಮಿಗೆ ಹತ್ತು ಮೀಟರ್ ಆರ್‌ಜಿ-58 ಅನ್ನೋ ತೆಳು ಕೇಬಲ್ ಎಳೆದ್ರೆ 435 ಮೆಗಾಹರ್ಟ್ಸಲ್ಲಿ ಸಿಗ್ನಲ್ಲಿನ ಅರ್ಧಕ್ಕಿಂತ ಹೆಚ್ಚು ಕೇಬಲಲ್ಲೇ ಕರಗಿಹೋಗುತ್ತೆ. ಕೈಯಲ್ಲಿ ಹಿಡ್ಕೊಂಡಾಗ ಕೇಬಲ್ ಒಂದು ಮೀಟರೂ ಇರಲ್ಲ.

ಈಗ ಒಂದು ಪಾಸ್, ಅಂದ್ರೆ ನಿಲ್ದಾಣ ನಮ್ಮ ಆಕಾಶ ದಾಟೋ ಒಂದು ಸಲ, ಹೇಗಿರುತ್ತೆ ಅಂತ ಹೇಳ್ತೀನಿ. ನಿಲ್ದಾಣದ ರಿಪೀಟರಿಗೆ ನಾವು ಕಳಿಸೋದು (ಅಪ್‌ಲಿಂಕ್) 145.990 ಮೆಗಾಹರ್ಟ್ಸ್, ಜೊತೆಗೆ 67 ಹರ್ಟ್ಸ್ ಟೋನ್, ಅಲ್ಲಿಂದ ಕೆಳಗೆ ಬರೋದು (ಡೌನ್‌ಲಿಂಕ್) 437.800 ಮೆಗಾಹರ್ಟ್ಸ್. ಟೋನ್ ಹಾಕೋದು ಮರೆತ್ರೆ ರಿಪೀಟರ್ ತೆಗೆಯಲ್ಲ. ಮೊಬೈಲಲ್ಲಿ ಟ್ರ್ಯಾಕಿಂಗ್ ಆ್ಯಪ್ ಹಾಕ್ಕೊಂಡ್ರೆ ಎಷ್ಟು ಹೊತ್ತಿಗೆ, ಯಾವ ದಿಕ್ಕಿಂದ, ಎಷ್ಟು ಎತ್ತರಕ್ಕೆ ಬರುತ್ತೆ ಎಲ್ಲ ತೋರಿಸುತ್ತೆ, 30 ಡಿಗ್ರಿಗಿಂತ ಮೇಲೇರೋ ಪಾಸ್ ಆರಿಸ್ಕೊಳ್ಳಿ. ನೈಋತ್ಯದಿಂದ ಬರೋ ಪಾಸ್ ಅಂತ ಇಟ್ಕೊಳ್ಳಿ, ಅರಬ್ಬೀ ಸಮುದ್ರದ ಕಡೆಯಿಂದ ಎದ್ದು ಈಶಾನ್ಯಕ್ಕೆ ಇಳಿಯುತ್ತೆ, ಎಲ್ಲ ಸೇರಿ ಹತ್ತು ನಿಮಿಷ. ನೀರಿನ ಟ್ಯಾಂಕು ಆ ದಿಕ್ಕಿಗೆ ಅಡ್ಡ ಬರದ ಹಾಗೆ ನಿಂತ್ಕೊಂಡು, ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚೋ ಸೆಟ್ಟಿಂಗ್) ಪೂರ್ತಿ ತೆಗೆದು, ಡೌನ್‌ಲಿಂಕ್ 437.810ಕ್ಕೆ ಇಟ್ಕೊಳ್ಳಿ. ಹತ್ತು ಕಿಲೋಹರ್ಟ್ಸ್ ಮೇಲೆ ಯಾಕೆ ಅಂದ್ರೆ ಡಾಪ್ಲರ್, ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆ ಬರ್ತಿರೋದ್ರಿಂದ ಫ್ರೀಕ್ವೆನ್ಸಿ ಮೇಲೆ ಕಾಣುತ್ತೆ, ಹತ್ತಿರ ಬರ್ತಾ ಬರ್ತಾ .805, ನೆತ್ತಿ ಹತ್ರ .800, ದೂರ ಹೋಗುವಾಗ .795, ಕೊನೆಗೆ .790. ಐದೂ ಮೆಮೊರಿಗೆ ಹಾಕಿಟ್ಕೊಂಡ್ರೆ ನಾಬ್ ತಿರುಗಿಸಿದ್ರೆ ಆಯ್ತು. 145ರಲ್ಲಿ ಡಾಪ್ಲರ್ ಮೂರು ಕಿಲೋಹರ್ಟ್ಸ್ ಚಿಲ್ಲರೆ ಮಾತ್ರ, ಎಫ್‌ಎಂ ಅಷ್ಟನ್ನ ತಡ್ಕೊಳುತ್ತೆ, ಅಪ್‌ಲಿಂಕ್ ಮುಟ್ಟಬೇಡಿ.

ಮೊದಲು ಬರೀ ಶ್ಶ್‌ ಅನ್ನೋ ಸದ್ದು. ಆಮೇಲೆ ಆ ಸದ್ದು ಸ್ವಲ್ಪ ಕುಗ್ಗುತ್ತೆ, ಒಳಗಿಂದ ಯಾರದೋ ಅರ್ಧ ಕಾಲ್‌ಸೈನ್. ಈಗ ಆಂಟೆನಾನ ದಿಕ್ಕು ಬದಲಿಸದೆ ಮಣಿಕಟ್ಟು ಮಾತ್ರ ತಿರುಗಿಸಿ, ಬೀಗದಲ್ಲಿ ಕೀ ತಿರುಗಿಸೋ ಹಾಗೆ. ಒಂದು ಕೋನದಲ್ಲಿ ಧ್ವನಿ ಪೂರ್ತಿ ಮಾಯ, ಇನ್ನು ಕಾಲು ಸುತ್ತು ತಿರುಗಿಸಿದ್ರೆ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟ. ಇದು ಪೋಲರೈಸೇಶನ್, ಅಂದ್ರೆ ರೇಡಿಯೋ ಅಲೆ ಯಾವ ಕೋನದಲ್ಲಿ ಅಲುಗಾಡುತ್ತೆ ಅನ್ನೋದು, ಪಾಸ್ ನಡೀತಾ ಇದು ಬದಲಾಗ್ತಾನೇ ಇರುತ್ತೆ. ಮೋಟಾರ್ ಹಾಕಿರೋ ಸಾದಾ ಯಾಗಿ ಅಜಿಮತ್ (ದಿಕ್ಕು), ಎಲಿವೇಶನ್ (ಎತ್ತರ) ಎರಡನ್ನೂ ಸರಿಯಾಗಿ ಹಿಡಿದ್ರೂ ಈ ತಿರುಗಿಸೋ ಕೆಲಸ ಮಾಡಲ್ಲ, ನಮ್ಮ ಕಿವಿ ಮತ್ತೆ ಕೈ ಸೇರಿ ಸೆಕೆಂಡಲ್ಲಿ ಮಾಡುತ್ತೆ. ಗುರಿ ಹತ್ತು ಡಿಗ್ರಿ ಆಚೀಚೆ ಆದ್ರೂ ತೊಂದರೆ ಇಲ್ಲ, ಇಷ್ಟು ಚಿಕ್ಕ ಯಾಗಿಯ ಬೀಮ್ ಸಾಕಷ್ಟು ಅಗಲ ಇರುತ್ತೆ.

ಮಾತಾಡ್ತಾ ಮಾತಾಡ್ತಾನೇ ನಮ್ಮ ಧ್ವನಿ ಮೇಲಿಂದ ವಾಪಸ್ ಕೇಳಿಸ್ಬೇಕು ಅಂದ್ರೆ ಎರಡು ಹ್ಯಾಂಡಿ ಬೇಕು, ಕಳಿಸೋಕೊಂದು, ಕೇಳೋಕೊಂದು. ಇಲ್ಲೊಂದು ತಲೆನೋವಿದೆ: 145.990ನ ಮೂರರಿಂದ ಗುಣಿಸಿ, 437.970 ಬರುತ್ತೆ, ಡೌನ್‌ಲಿಂಕಿನ ಪಕ್ಕದಲ್ಲೇ. ನಾವು ಪಿಟಿಟಿ ಒತ್ತಿದ ತಕ್ಷಣ ಆ ಹಾರ್ಮೋನಿಕ್ (ಮೂರು ಪಟ್ಟಿನ ಫ್ರೀಕ್ವೆನ್ಸಿಯಲ್ಲಿ ಸೋರೋ ಸಿಗ್ನಲ್) ನಮ್ಮದೇ ರಿಸೀವರನ್ನ ಕಿವುಡು ಮಾಡಿಬಿಡಬಹುದು. ಒಳ್ಳೆ ಡಿಪ್ಲೆಕ್ಸರ್ (ಎರಡು ಬ್ಯಾಂಡನ್ನ ಬೇರೆ ಮಾಡೋ ಫಿಲ್ಟರ್) ಹಾಕಿ, ಪವರ್ ಕಮ್ಮಿ ಮಾಡಿ ನೋಡಿ. ಆಗ್ಲಿಲ್ಲ ಅಂದ್ರೆ ಒಂದೇ ಹ್ಯಾಂಡಿಯಲ್ಲಿ ಶುರು ಮಾಡಿ, ನಷ್ಟ ಏನಿಲ್ಲ.

ಹೇಳ್ಬೇಕಿರೋದು ಕಾಲ್‌ಸೈನ್ ಮತ್ತೆ ಗ್ರಿಡ್ (ಭೂಪಟನ ಚೌಕ ಮಾಡಿ ಕೊಟ್ಟಿರೋ ಜಾಗದ ಸಂಕೇತ) ಮಾತ್ರ, ಹವಾಮಾನ, ಊಟ ಏನೂ ಬೇಡ, ಬೇರೆಯವ್ರು ಕಾಯ್ತಿರ್ತಾರೆ. ಬೆಂಗಳೂರಲ್ಲಿ ಒಂದು ಮಜಾ ಇದೆ, 13 ಡಿಗ್ರಿ ಅಕ್ಷಾಂಶ ಊರಿನ ಮಧ್ಯೆ ಹಾದುಹೋಗುತ್ತೆ, ಹಾಗಾಗಿ ಜಯನಗರದವರು ಎಂಕೆ82 ಅನ್ಬೇಕು, ಯಲಹಂಕದವರು ಎಂಕೆ83. ಆಂಟೆನಾ ಬ್ಯಾಗಲ್ಲಿ ಹಾಕ್ಕೊಂಡು ಕಾರವಾರಕ್ಕೆ ಹೋದ್ರೆ ಎಂಕೆ74, ಅಲ್ಲಿ ಬೀಚಲ್ಲಿ ನಿಂತ್ರೆ ಪಶ್ಚಿಮಕ್ಕೆ ಪೂರ್ತಿ ಖಾಲಿ ದಿಗಂತ, ಒಮಾನ್ ಕಡೆಯ ಸ್ಟೇಷನ್ನಿಗೂ ಅವಕಾಶ ಇರುತ್ತೆ. ಮನೆ ಮೇಲೆ ಕಂಬ ನೆಟ್ಟವರಿಗೆ ಈ ಸುಖ ಇಲ್ಲ.

ನಮ್ಮದೇ ಸ್ಯಾಟಲೈಟ್ ಇಲ್ವಾ ಅಂತಾನೂ ಕೇಳ್ತಾರೆ. ಇತ್ತು. ಇಸ್ರೋ ಬೆಂಗಳೂರಲ್ಲಿ ಕಟ್ಟಿದ ಹ್ಯಾಮ್‌ಸ್ಯಾಟ್, 42.5 ಕೆಜಿ, 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಕಾರ್ಟೋಸ್ಯಾಟ್-1 ಜೊತೆ ಹೋಗಿ 2014ರ ಜುಲೈವರೆಗೂ ಕೆಲಸ ಮಾಡ್ತು. ಪ್ರಪಂಚದ ಹ್ಯಾಮ್‌ಗಳು ಅದನ್ನ ವಿಓ-52 ಅಂತ ಕರೀತಿದ್ರು, ಅಷ್ಟು ಜನ ಪ್ರೀತಿಯಿಂದ ಬಳಸಿದ ಒಂದು ಉಪಗ್ರಹ ನಮ್ಮ ಊರಲ್ಲಿ ತಯಾರಾಗಿದ್ದು ಅನ್ನೋದು ನನಗೆ ಈಗ್ಲೂ ಹೆಮ್ಮೆ. ಅಂಥದ್ದು ಇನ್ನೊಂದು ಬರ್ಲೇಬೇಕು.

ಟೆರೇಸ್ ಹತ್ತೋ ಮುಂಚೆ ಹ್ಯಾಮ್ ಉಪಗ್ರಹಗಳ ಸಂಸ್ಥೆ ಆ್ಯಮ್‌ಸ್ಯಾಟ್‌ನ ಸ್ಟೇಟಸ್ ಪೇಜ್ ಒಂದ್ಸಲ ನೋಡಿ, ಯಾರ್ಯಾರಿಗೆ ಯಾವ್ಯಾವ ಸ್ಯಾಟಲೈಟ್ ಕೇಳಿಸ್ತು ಅಂತ ಹ್ಯಾಮ್‌ಗಳೇ ಹಾಕಿರ್ತಾರೆ. ನಿಲ್ದಾಣದ ರಿಪೀಟರ್ ಕೆಲವೊಮ್ಮೆ ಆಫ್ ಇರುತ್ತೆ, ಇಲ್ಲಾ 145.825ರಲ್ಲಿ ಪ್ಯಾಕೆಟ್ (ಧ್ವನಿ ಅಲ್ಲ, ಡೇಟಾ) ಓಡ್ತಿರುತ್ತೆ, ಆಗ ಎಷ್ಟು ಕರೆದ್ರೂ ಯಾರೂ ಮಾತಾಡಲ್ಲ, ಅದಕ್ಕೆ ನಿಮ್ಮ ಆಂಟೆನಾನ ಬಿಚ್ಚಿ ಮತ್ತೆ ಕಟ್ಟೋಕೆ ಹೋಗ್ಬೇಡಿ.