ಟೋಪ್‌ಕಾಪಿಯಲ್ಲಿ ಅಂತಃಪುರ ಮೊದಲು, ವಜ್ರ ಆಮೇಲೆ

ಇಸ್ತಾಂಬುಲ್‌ನಲ್ಲಿ ಒಟ್ಟೋಮನ್ ಸುಲ್ತಾನರು ವಾಸವಿದ್ದ ಟೋಪ್‌ಕಾಪಿ ಅರಮನೆಗೆ ಹೋದವರು ಖಜಾನೆಯ 86 ಕ್ಯಾರೆಟ್ ವಜ್ರದ ಸಾಲಿನಲ್ಲಿ ನಿಂತು ಸುಸ್ತಾಗಿ, ಕೊನೆಗೆ ಅಂತಃಪುರಕ್ಕೆ (ಹರೆಮ್) ಕಾಲೆಳೆಯುತ್ತಾರೆ. ಹಾಗೆ ಮಾಡಬೇಡಿ. ಬೆಳಿಗ್ಗೆ 9ಕ್ಕೆ ತೆರೆದ ಕೂಡಲೇ ಎರಡನೇ ಅಂಗಳದ ಎಡಕ್ಕೆ, ನ್ಯಾಯಗೋಪುರದ ಬುಡದಲ್ಲಿರುವ ಅಂತಃಪುರದ ಪ್ರವೇಶ, 'ಗಾಡಿ ಬಾಗಿಲಿಗೆ' ನೇರ ನಡೆಯಿರಿ. ಗೈಡ್ ಗುಂಪುಗಳು ತುಂಬಿಕೊಂಡರೆ ಆ ಓಣಿಗಳಲ್ಲಿ ನಿಂತು ನೋಡಲು ಜಾಗವೇ ಇರುವುದಿಲ್ಲ. ದಾರಿಯೂ ಒಮ್ಮುಖ, ಬಿಟ್ಟ ಕೋಣೆ ಬಿಟ್ಟಂತೆಯೇ. ಮಂಗಳವಾರ ರಜೆ.

ಹೊರಗೆ 'ಸಾಲಿಲ್ಲದೆ ಒಳಗೆ' ಎಂದು ದುಬಾರಿ ಟಿಕೆಟ್ ಮಾರುವವರನ್ನು ನಂಬಬೇಡಿ. ಭದ್ರತಾ ತಪಾಸಣೆಯ ಸಾಲು ಎಲ್ಲರಿಗೂ ಒಂದೇ. ಟಿಕೆಟ್‌ನಲ್ಲಿ ಹರೆಮ್ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಅಂತಃಪುರದ 300ಕ್ಕೂ ಹೆಚ್ಚು ಕೋಣೆಗಳಲ್ಲಿ ತೆರೆದಿರುವುದು ಸ್ವಲ್ಪವೇ. ದೊಡ್ಡ ದರ್ಬಾರು ಹುಡುಕಬೇಡಿ, ಮನೆ ಹೇಗೆ ನಡೆಯುತ್ತಿತ್ತು ಎಂದು ನೋಡಿ. ನಪುಂಸಕ ಕಾವಲುಗಾರರ ಅಂಗಳ ದಾಟಿದರೆ ದಾಸಿಯರ ಓಣಿ. ಅದರ ಗೋಡೆಗುಂಟ ಕಲ್ಲಿನ ಕಟ್ಟೆಗಳಿವೆ. ಅಡುಗೆಮನೆಗಳು ಎರಡನೇ ಅಂಗಳದ ಆಚೆ ಬದಿಗಿದ್ದವು. ಅಲ್ಲಿಂದ ಬಂದ ಊಟದ ಹರಿವಾಣಗಳನ್ನು ಕಾವಲಿನವರು ಈ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು. ಬಹುತೇಕರು ಇದನ್ನು ಗಮನಿಸದೆ ದಾಟುತ್ತಾರೆ, ನನಗಂತೂ ಇಡೀ ಅರಮನೆಯಲ್ಲಿ ಇದೇ ಮುಖ್ಯ. ಮುಂದೆ ರಾಜಮಾತೆಯ ವಾಸ. ದಾಸಿಯರ ಅಂಗಳಕ್ಕೂ ಸುಲ್ತಾನನ ಕೋಣೆಗಳಿಗೂ ನಡುವೆ ಅದು ಇರುವುದರಿಂದಲೇ ಆಕೆಯ ಅಧಿಕಾರ ಎಷ್ಟೆಂದು ತಿಳಿಯುತ್ತದೆ. ಸುಲ್ತಾನನ ಸ್ನಾನಗೃಹದಲ್ಲಿ ಅವನು ಕೂರುವ ಜಾಗಕ್ಕೆ ಚಿನ್ನದ ಬಣ್ಣದ ಜಾಲರಿ ಹಾಕಿದ್ದಾರೆ, ಮೈ ತೊಳೆಯುವಾಗಲೂ ಕೊಲೆಯ ಭಯ.

ಆಸ್ಥಾನದ ವಾಸ್ತುಶಿಲ್ಪಿ ಸಿನಾನ್ 1578ರಲ್ಲಿ ಕಟ್ಟಿದ ಸುಲ್ತಾನ ಮೂರನೇ ಮುರಾದನ ಕೋಣೆಗೆ ಹತ್ತು ನಿಮಿಷವಾದರೂ ಕೊಡಿ. ಒಳಗೇ ಕಾರಂಜಿ, ಗೋಡೆಗೆ ಇಜ್ನಿಕ್ ಊರಿನಲ್ಲಿ ಮಾಡಿದ ಹವಳಗೆಂಪಿನ ಟೈಲ್ಸ್. 1665ರ ಬೆಂಕಿಯ ನಂತರ ಮತ್ತೆ ಕಟ್ಟಿದ ಭಾಗಗಳ ಟೈಲ್ಸ್ ಜೊತೆ ಇವನ್ನು ಹೋಲಿಸಿದರೆ, ಆ ಹವಳಗೆಂಪು ಆಮೇಲೆ ಬರಲಿಲ್ಲವೆಂದು ಗೊತ್ತಾಗುತ್ತದೆ. ರಾಜಕುಮಾರರನ್ನು ಕೂಡಿಹಾಕುತ್ತಿದ್ದುದೂ ಅಂತಃಪುರದಲ್ಲೇ. 1687ರಲ್ಲಿ ಪಟ್ಟವೇರಿದ ಎರಡನೇ ಸುಲೇಮಾನ್ ಅದಕ್ಕೆ ಮುಂಚೆ ಸುಮಾರು 40 ವರ್ಷ ಬಂಧನದಲ್ಲಿದ್ದ.

ನೆಲದ ಕಲ್ಲುಗಳು ಏರುಪೇರು, ಹಿಡಿತವಿರುವ ಚಪ್ಪಟೆ ಶೂ ಹಾಕಿ.

ಊಟ ಅರಮನೆಯೊಳಗೆ ಬೇಡ, ಬೆಲೆ ಜಾಸ್ತಿ. ಹತ್ತಿರದ ಗುಲ್ಹಾನೆ ನಿಲ್ದಾಣದಿಂದ ಟಿ1 ಟ್ರಾಮ್ ಹಿಡಿದು ಬೆಯಾಜಿತ್‌ನಲ್ಲಿ ಇಳಿಯಿರಿ. ಅಲ್ಲಿಂದ ನಡೆದರೆ ಸುಲೇಮಾನಿಯೆ ಮಸೀದಿ, ಅದರೆದುರು ಬಿಳಿ ಬೀನ್ಸ್ ಕಾಳಿನ ಸಾರು ಮಾಡುವ ಅಂಗಡಿಗಳ ಸಾಲು. ಈ ಸಾರಿನ ಹೆಸರು 'ಕುರು ಫಸುಲ್ಯೆ': ಟೊಮೆಟೊ, ಬೆಣ್ಣೆಯಲ್ಲಿ ನಿಧಾನ ಬೆಂದ ಕಾಳು, ಜೊತೆಗೆ ಅನ್ನ, ಉಪ್ಪಿನಕಾಯಿ. ಅನ್ನ-ಸಾರು ಬಿಟ್ಟಿರಲಾರದ ನಮ್ಮಂಥವರಿಗೆ ಇಸ್ತಾಂಬುಲ್‌ನಲ್ಲಿ ಇದಕ್ಕಿಂತ ತೃಪ್ತಿಯ ಊಟವಿಲ್ಲ. ಕೆಲವು ಕಡೆ ಮಾಂಸ ಹಾಕುತ್ತಾರೆ. ಸಸ್ಯಾಹಾರಿಗಳು ಆರ್ಡರ್ ಮಾಡುವ ಮುಂಚೆ 'ಎತ್‌ಸಿಜ್' (ಮಾಂಸವಿಲ್ಲದ್ದು) ಎನ್ನಿ, ಮಾಂಸದ ನೀರಿನಲ್ಲಿ ಬೇಯಿಸಿದ್ದಾರೆಯೇ ಎಂದೂ ಕೇಳಿ.