ಬಳೆ, ಬಾಳೆ, ಬೆಳೆ, ಬೇಳೆ

ತೀರ್ಥಹಳ್ಳಿ ಸೀಮೆಯ ಒಂದು ಶಾಲೆಯಲ್ಲಿ, ಓದಲು ತೊಡಕುಪಡುವ ಮಕ್ಕಳ ಜೊತೆ ಕೂರುವ ಕೆಲಸವನ್ನು ನಿವೃತ್ತಿಯ ನಂತರ ಒಪ್ಪಿಕೊಂಡಿದ್ದೆ. ಪುನರ್ವಸು ಮಳೆ ಜೋರಾಗಿ ಹಿಡಿದಿದ್ದ ಆ ದಿನ ಕಾಲುಸಂಕ ದಾಟಿ ಬರಬೇಕಾದ ಮಕ್ಕಳು ಬಂದಿರಲಿಲ್ಲ. ಹೀಗಾಗಿ ನಾಲ್ಕನೇ ತರಗತಿಯ ಒಬ್ಬನೇ ಹುಡುಗನಿಗೆ ಬೆಳಗಿನ ಹೊತ್ತನ್ನೆಲ್ಲ ಕೊಡುವ ಅವಕಾಶ ಸಿಕ್ಕಿತು.

ಅವನು ವರ್ಣಮಾಲೆಯನ್ನು ತಡವರಿಸದೆ ಒಪ್ಪಿಸುತ್ತಿದ್ದ, ಹಲಗೆಯ ಮೇಲಿನದನ್ನು ದುಂಡಗೆ ಬರೆದುಕೊಳ್ಳುತ್ತಿದ್ದ. ಆದರೆ 'ಮಿ' ಎಲ್ಲಿ ಎಂದು ಕೇಳಿದರೆ 'ಮ, ಮಾ' ಎಂದು ಕಾಗುಣಿತವನ್ನು ಮೊದಲಿನಿಂದ ಹಾಡಿಕೊಂಡೇ ಅಲ್ಲಿಗೆ ತಲುಪಬೇಕಿತ್ತು. 'ರಾತ್ರಿ'ಯನ್ನು ಅವನು 'ರಾತಿರ' ಎಂದು ಓದಿದ, 'ಭಕ್ತಿ'ಯನ್ನು 'ಬಕಿತ' ಎಂದ. ಇಂಥ ಓದನ್ನು ಅಜಾಗರೂಕತೆ ಎನ್ನುವವರಿದ್ದಾರೆ; ನನಗೆ ಹಾಗೆ ಕಾಣುವುದಿಲ್ಲ. 'ತ್ರಿ' ಎಂಬಲ್ಲಿ ಇಕಾರದ ಗುಡಿಸು ತಕಾರದ ತಲೆಯ ಮೇಲೆ ಕುಳಿತು, ರಕಾರದ ಒತ್ತು ಕೆಳಗೆ ಉಳಿಯುತ್ತದೆ. ಹುಡುಗ ಕಣ್ಣಿಗೆ ಕಂಡ ಕ್ರಮವನ್ನು ಪ್ರಾಮಾಣಿಕವಾಗಿ ಓದಿದ್ದ. ಆದರೆ ಕಿವಿಗೆ ಕೇಳುವ ಕ್ರಮ ತ್, ರ್, ಇ. ಅದನ್ನು ಹಿಡಿಯಬೇಕಾದರೆ ಈ ಮೂರು ಧ್ವನಿಗಳು ಅವನಿಗೆ ಬಿಡಿಬಿಡಿಯಾಗಿ ಕೇಳಿಸಬೇಕು. ಇದು ಕನ್ನಡದಲ್ಲಿ ಸುಲಭವಲ್ಲ, ಏಕೆಂದರೆ ನಮ್ಮ ಲಿಪಿ ವ್ಯಂಜನವನ್ನೂ ಸ್ವರವನ್ನೂ ಒಂದೇ ಅಕ್ಷರದೊಳಗೆ ಬೆಸೆದುಬಿಡುತ್ತದೆ. ಕನ್ನಡದ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ, ಬಿಡಿ ಧ್ವನಿಗಳ ಅರಿವು ನಮ್ಮ ಮಕ್ಕಳಲ್ಲಿ ನಿಧಾನವಾಗಿ ಮೂಡುತ್ತದೆ ಎಂದೇ ತೋರಿಸಿತ್ತು.

ಪುಸ್ತಕವನ್ನು ಮುಚ್ಚಿಸಿದೆ. 'ಬಳೆ'ಯಲ್ಲಿ ಎಷ್ಟು ಸದ್ದುಗಳಿವೆ ಎಂದು ಕೇಳಿದಾಗ ಅವನು ಎರಡು ಎಂದ. ದೊಡ್ಡವರನ್ನು ಕೇಳಿದರೂ ಬಹುಪಾಲು ಅದೇ ಉತ್ತರ ಬರುತ್ತದೆ. ಸ್ಲೇಟಿನ ಮೇಲೆ ಸಾಲಾಗಿ ನಾಲ್ಕು ಮನೆ ಎಳೆದು, ಪದವನ್ನು ಎಳೆದೆಳೆದು ಹೇಳುತ್ತ ಒಂದೊಂದು ಧ್ವನಿಗೆ ಒಂದೊಂದು ಅಡಿಕೆಯನ್ನು ಮನೆಯೊಳಗೆ ತಳ್ಳಿಸಿದೆ: ಬ್, ಅ, ಳ್, ಎ. ಸೋವಿಯತ್ ಮನಶ್ಶಾಸ್ತ್ರಜ್ಞ ಎಲ್ಕೋನಿನ್ ಹೆಸರಿನಲ್ಲಿ ಪ್ರಸಿದ್ಧವಾದ ವಿಧಾನವಿದು; ಅಡಿಕೆ ಮಾತ್ರ ನಮ್ಮೂರಿನದು. ಆಮೇಲೆ ಎರಡನೆಯ ಅಡಿಕೆಯನ್ನಷ್ಟೇ ತೆಗೆದು, ಆ ಜಾಗದಲ್ಲಿ 'ಆ' ಇಟ್ಟರೆ ಏನಾಗುತ್ತದೆ ಎಂದು ಕೇಳಿದೆ. ಬಹಳ ಹೊತ್ತು ತುಟಿ ಆಡಿಸಿ 'ಬಾಳೆ' ಎಂದ. 'ಎ' ಇಟ್ಟಾಗ 'ಬೆಳೆ' ಬೇಗ ಬಂತು, 'ಬೇಳೆ' ಇನ್ನೂ ಬೇಗ. ನಂತರ ನಾನು ಕೇಳದೆಯೇ 'ಬೂಳೆ' ಎಂದು ಮಾಡಿ, ಅಂಥದ್ದೇನೂ ಇಲ್ಲವಲ್ಲ ಎಂದು ನಕ್ಕ. ಅರ್ಥವಿಲ್ಲದ ಆ ಪದವೇ ನನಗೆ ಹೆಚ್ಚು ಭರವಸೆ ಕೊಟ್ಟಿತು, ಏಕೆಂದರೆ ಅದು ಬಾಯಿಪಾಠದಿಂದ ಬರುವಂಥದ್ದಲ್ಲ.

ಧ್ವನಿಯ ಆಟವನ್ನು ಕಿವಿಯಲ್ಲೇ ಬಿಡದೆ ಅಕ್ಷರಕ್ಕೆ ಜೋಡಿಸಿದಾಗ ಫಲ ಹೆಚ್ಚು ಎಂದು ಅಮೆರಿಕದ ರಾಷ್ಟ್ರೀಯ ಓದು ಸಮಿತಿಯ 2000ದ ವರದಿ ಹೇಳಿತ್ತು. ಅದು ಇಂಗ್ಲಿಷ್ ಓದಿನ ಮಾತಾದರೂ ಇಲ್ಲಿಗೂ ಸಲ್ಲುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಅಡಿಕೆಗಳ ಕೆಳಗೆ ತ್, ರ್, ಇ ಬರೆಸಿ, ಮೂರೂ ಕೂಡಿದಾಗ ಇಕಾರದ ಗುರುತು ಹೋಗಿ ಮೇಲೆ ಕೂರುವುದನ್ನು ಅವನ ಕೈಯಿಂದಲೇ ಮಾಡಿಸಿದೆ. ಒತ್ತನ್ನು ಕಂಡರೆ ಸ್ವರವನ್ನು ತಡೆದಿಟ್ಟುಕೊಳ್ಳಬೇಕು, ಒತ್ತನ್ನು ಹೇಳಿದ ಮೇಲೆ ಬಿಡಬೇಕು ಎಂಬುದೊಂದೇ ನಿಯಮ. 'ರಾತ್ರಿ' ಸರಿಯಾಯಿತು. 'ಪತ್ರೊಡೆ' ಎಂದು ಬರೆದುಕೊಟ್ಟೆ. ತಕಾರದಲ್ಲಿ ನಿಂತು, ರಕಾರವನ್ನು ಸೇರಿಸಿ, ಕೊನೆಗೆ ಪೂರ್ತಿ ಓದಿದ. 'ಭಕ್ತಿ' ಮಾತ್ರ 'ಬಕ್ತಿ'ಯಾಗಿಯೇ ಉಳಿಯಿತು. ಅದನ್ನು ನಾನು ತಿದ್ದಲಿಲ್ಲ. ಮನೆಮಾತಿನಲ್ಲಿ ಮಹಾಪ್ರಾಣವಿಲ್ಲದ ಮಗುವಿನ ಉಚ್ಚಾರಣೆಯನ್ನು ಓದಿನ ದೋಷವೆಂದು ಎಣಿಸುವುದು ಅನ್ಯಾಯ.

ಅರ್ಕಾವತ್ತಿನ ತಂಟೆಗೆ ಆ ದಿನ ಹೋಗಲಿಲ್ಲ. 'ಸೂರ್ಯ' ಎನ್ನುವಾಗ ಮೊದಲು ಕೇಳುವ ರಕಾರ ಬರಹದಲ್ಲಿ ಯಕಾರದ ನಂತರ ಬಂದು ನಿಲ್ಲುತ್ತದೆ. ಒತ್ತಿನ ಕ್ರಮ ಗಟ್ಟಿಯಾಗುವ ಮೊದಲೇ ಇದನ್ನು ತಂದರೆ ಎರಡೂ ಕಲಸಿಹೋಗುತ್ತವೆ. ಅದನ್ನು ಮುಂದಿನ ವಾರಕ್ಕೆ ಇಟ್ಟುಕೊಂಡು, ಮಧ್ಯಾಹ್ನ ಕರೆದೊಯ್ಯಲು ಬಂದ ಅವನ ತಾಯಿಗೆ, ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಪುಸ್ತಕವಿಲ್ಲದೆ ಇದೇ ಆಟವನ್ನು ಆಡಿಸುವಂತೆ ಹೇಳಿ ಕಳಿಸಿದೆ.